ಖಾಲಿ ಕುರ್ಚಿ, ಖಾಲಿ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಗೃಹಸ್ಥನ ಅನುಭವದಿಂದ ಹುಟ್ಟಿದ್ದು. ಒಂದು ಮನೆಗೇ ಇಷ್ಟು ಪ್ರಯಾಸವಾದರೆ, ಸಾವಿರಾರು ಬಡ ಕುಟುಂಬಗಳಿಗೆ ಒಮ್ಮೆಗೇ ಮನೆ ಕಟ್ಟಿಕೊಡಲು ಹೊರಟ ನಗರಸಭೆಯ ಪಾಡೇನಾಗಬೇಕು? ಅದಕ್ಕೆ ಹಣ ಬೇಕು, ನೆಲ ಬೇಕು ಎಂಬುದನ್ನು ಎಲ್ಲರೂ ಬಲ್ಲರು. ಆ ಹಣವನ್ನೂ ನೆಲವನ್ನೂ ಮನೆಯಾಗಿ ಮಾಡಬಲ್ಲ ಜನವೂ ಬೇಕೆಂಬುದು ಮಾತ್ರ ಮರೆತುಹೋಗುತ್ತದೆ.

ಇಟ್ಟಿಗೆ ಬಂದು ಬೀಳುವುದಕ್ಕೆ ಬಹು ಮೊದಲೇ ಮನೆಯ ಕೆಲಸ ಆರಂಭವಾಗಿರುತ್ತದೆ. ಆರಿಸಿದ ನೆಲ ಕೆರೆಯಂಗಳವೋ, ವ್ಯಾಜ್ಯದಲ್ಲಿರುವ ಆಸ್ತಿಯೋ ಎಂದು ದಾಖಲೆ ನೋಡುವವರು ಬೇಕು. ಅಳೆದು ಗಡಿ ಗುರುತಿಸುವ ಭೂಮಾಪಕರು ಬೇಕು. ನೀರು, ಒಳಚರಂಡಿ, ಬಸ್ಸಿನ ದಾರಿಗಳನ್ನು ಮುಂಚಿತವಾಗಿ ಯೋಚಿಸುವ ನಗರ ಯೋಜಕರು ಬೇಕು. ಅಂದಾಜುಪಟ್ಟಿ ತಯಾರಿಸುವ ಎಂಜಿನಿಯರರು ಬೇಕು. ಮನೆ ಪಡೆಯುವವನು ತನ್ನ ಪಾಲಿನ ಹಣವನ್ನು ಎಲ್ಲಿಂದ ತಂದಾನು, ಬ್ಯಾಂಕು ಸಾಲ ಕೊಟ್ಟೀತೇ ಎಂದು ಲೆಕ್ಕ ಹಾಕುವವರು ಬೇಕು. ಎಲ್ಲಕ್ಕೂ ಮಿಗಿಲಾಗಿ, ಗುಡಿಸಲಿನ ಬಾಗಿಲಲ್ಲಿ ಕುಳಿತು, ‘ಕೆಲಸಕ್ಕೆ ಎಲ್ಲಿಗೆ ಹೋಗುತ್ತೀಯಮ್ಮ?’ ಎಂದು ಕೇಳುವವರು ಬೇಕು.

ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳದೆ ಹೋದರೆ ಆಗುವುದು ಇಷ್ಟು: ನಾಲ್ಕು ಮನೆಗಳಲ್ಲಿ ಪಾತ್ರೆ ಬೆಳಗಿ ಜೀವಿಸುವ ಹೆಂಗಸಿಗೆ ಊರಾಚೆ ಹತ್ತು ಮೈಲಿ ದೂರದಲ್ಲಿ ಮನೆ ಸಿಗುತ್ತದೆ. ಬೆಳಗಿನ ಬಸ್ಸು ಹಿಡಿಯುವುದರೊಳಗೆ ಎರಡು ಮನೆಯ ಕೆಲಸ ಕೈಬಿಡುತ್ತದೆ. ಉಳಿದೆರಡರ ಸಂಪಾದನೆ ಬಸ್ಸಿನ ದರಕ್ಕೆ ಸರಿಹೋಗುತ್ತದೆ. ಆಕೆ ಹೊಸ ಮನೆಗೆ ಬೀಗ ಹಾಕಿ ಹಳೆಯ ಗುಡಿಸಲಿಗೆ ಮರಳುತ್ತಾಳೆ. ಸರಕಾರದ ಲೆಕ್ಕದಲ್ಲಿ ಆಕೆಗೆ ಮನೆಯಿದೆ, ಆಕೆಯ ಬದುಕಿನಲ್ಲಿಲ್ಲ.

ಕೇಳಬೇಕಾದವರು ಎಷ್ಟು ಮಂದಿ ಇದ್ದಾರೆ? ನೀತಿ ಆಯೋಗವು 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದೇಶದ ರಾಜ್ಯಗಳ ನಗರ ಯೋಜನಾ ಇಲಾಖೆಗಳಿಗೆ 12,000ಕ್ಕೂ ಹೆಚ್ಚು ಯೋಜಕರು ಬೇಕು. ಮಂಜೂರಾಗಿದ್ದ ಹುದ್ದೆಗಳು 4,000ಕ್ಕೂ ಕಡಿಮೆ. ಅವುಗಳಲ್ಲಿಯೂ ಸುಮಾರು ಅರ್ಧ ಖಾಲಿ. ಎಂದರೆ ಆರು ಮಂದಿ ಕೂರಬೇಕಾದಲ್ಲಿ ಒಬ್ಬರು. ಹಲವು ರಾಜ್ಯಗಳಲ್ಲಿ ಆ ಹುದ್ದೆಗೆ ನಗರ ಯೋಜನೆಯ ವ್ಯಾಸಂಗವೇ ಕಡ್ಡಾಯವಾಗಿರಲಿಲ್ಲವೆಂಬುದು ಇನ್ನೊಂದು ಸೋಜಿಗ.

2015ರ ಜೂನ್ ತಿಂಗಳಲ್ಲಿ ಆರಂಭವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆಯಡಿ ನಗರಗಳಿಗೆ ಮಂಜೂರಾದ ಮನೆಗಳು ಒಂದು ಕೋಟಿಯನ್ನು ಮೀರಿದವು. ಈ ಕೊರತೆಯನ್ನು ಯೋಜನೆಯ ಕರ್ತೃಗಳು ಅರಿಯದೆ ಇರಲಿಲ್ಲ. ಪ್ರತಿ ನಗರಕ್ಕೂ ಎರಡರಿಂದ ನಾಲ್ಕು ತಜ್ಞರ ತಾಂತ್ರಿಕ ತಂಡವೊಂದಿರಲೆಂದು ನಿಯಮದಲ್ಲಿಯೇ ಸೇರಿಸಿದರು. ವಿವೇಕದ ಏರ್ಪಾಡೇ ಸರಿ. ಆದರೆ ಇಂತಹ ತಜ್ಞರು ಸಾಮಾನ್ಯವಾಗಿ ಗುತ್ತಿಗೆಯ ಮೇಲೆ ಬರುವವರು. ಊರಿನ ಓಣಿಗಳ ಪರಿಚಯವಾಗುವ ವೇಳೆಗೆ ಅವರ ಅವಧಿ ತೀರಿರುತ್ತದೆ. ಗಳಿಸಿದ ಅರಿವು ಅವರೊಡನೆಯೇ ಹೊರಟುಹೋಗುತ್ತದೆ.

ಇದು ಭಾರತದ ವ್ಯಾಧಿ ಮಾತ್ರವೇ ಅಲ್ಲ. ಬ್ರಿಟನ್ನಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ವಾಸ್ತುಶಿಲ್ಪಿಗಳ ಪೈಕಿ ಸುಮಾರು ಅರ್ಧದಷ್ಟು ಜನ ಸಾರ್ವಜನಿಕ ಸೇವೆಯಲ್ಲಿದ್ದರು. ನಾಲ್ಕು ದಶಕಗಳಲ್ಲಿ ಆ ಪ್ರಮಾಣ ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಲಂಡನ್ನಿನಲ್ಲಿ 2017ರಲ್ಲಿ ಹುಟ್ಟಿದ ‘ಪಬ್ಲಿಕ್ ಪ್ರಾಕ್ಟೀಸ್’ ಎಂಬ ಸಂಸ್ಥೆ, ನುರಿತ ವಾಸ್ತುಶಿಲ್ಪಿಗಳನ್ನೂ ಯೋಜಕರನ್ನೂ ಆರಿಸಿ ನಗರಾಡಳಿತಗಳ ಕಚೇರಿಗಳಿಗೆ ಕಳುಹಿಸುವ ಕಾರ್ಯವನ್ನು ಕೈಗೊಂಡಿತು. ಕಳೆದುಕೊಂಡದ್ದನ್ನು ಮರಳಿ ಕೂಡಿಸುವುದು ಎಷ್ಟು ನಿಧಾನದ ಕೆಲಸವೆಂಬುದಕ್ಕೆ ಇದೇ ಸಾಕ್ಷಿ.

ನೌಕರರ ಸಂಬಳ ದಂಡದ ಖರ್ಚೆಂಬ ಭಾವನೆ ಬೇರೂರಿದೆ. ಬೀಗ ಬಿದ್ದ ಮನೆಗಳ ಒಂದು ಸಾಲಿಗೆ ತಗಲಿದ ವೆಚ್ಚವನ್ನು, ಅದನ್ನು ತಪ್ಪಿಸಬಹುದಾಗಿದ್ದ ನಾಲ್ವರ ವರ್ಷದ ಸಂಬಳದ ಪಕ್ಕದಲ್ಲಿಟ್ಟು ನೋಡಿದರೆ ದಂಡ ಯಾವುದೆಂದು ತಿಳಿದೀತು. ಮೇಸ್ತ್ರಿಯನ್ನು ಗೊತ್ತುಮಾಡದೆ ಸಿಮೆಂಟಿನ ಮೂಟೆ ತರಿಸುವ ಗೃಹಸ್ಥನನ್ನು ಕಂಡು ನೆರೆಹೊರೆಯವರು ನಗುತ್ತಾರೆ. ‘ಇಷ್ಟು ಸಾವಿರ ಮನೆ ಕಟ್ಟುತ್ತೇವೆ’ ಎಂಬ ಘೋಷಣೆ ಹೊರಟಾಗ, ‘ಅದಕ್ಕೆ ಕಚೇರಿಯಲ್ಲಿ ಎಷ್ಟು ಮಂದಿ ಇದ್ದಾರೆ?’ ಎಂದು ಕೇಳುವ ಅಧಿಕಾರ ನಗರದ ಪ್ರತಿಯೊಬ್ಬ ಕಂದಾಯದಾರನಿಗೂ ಇದೆ.