ಪ್ರಾರ್ಥನೆಯ ಮನೆಮಾತು

ಕೆಲವು ತಿಂಗಳ ಹಿಂದೆ ಅನ್ನಪೂರ್ಣೇಶ್ವರಿ ನಗರದ ನಮ್ಮ ಬೀದಿಯಲ್ಲಿ ಕಥೋಲಿಕ ಕುಟುಂಬವೊಂದರ ಹಿರಿಯ ತಾಯಿ ತೀರಿಕೊಂಡರು. ಹಳ್ಳಿಯಿಂದ ಬಂದು ಮಗನ ಮನೆಯಲ್ಲಿ ನೆಲಸಿದ್ದವರು. ಆ ಸಂಜೆ ಶವದ ತಲೆದೆಸೆಯಲ್ಲಿ ಮೇಣದಬತ್ತಿ ಹಚ್ಚಿಟ್ಟು, ಊರಿನಿಂದ ಬಂದ ಹೆಂಗಸರು ಜಪಸರ ಹಿಡಿದು ಪ್ರಾರ್ಥನೆಗೆ ಕುಳಿತರು. ಒಬ್ಬರು ಮೊದಲರ್ಧವನ್ನು ಹೇಳಿದರೆ ಉಳಿದವರು ಉತ್ತರಾರ್ಧವನ್ನು ಹೇಳಿ ಮುಗಿಸುವುದು ರೂಢಿ. ಐವತ್ತಮೂರು ಮಣಿಗಳೂ ಹಾಗೆಯೇ ಸರಿದವು. ಆದರೆ ಆ ತಾಯಿಯ ಮೊಮ್ಮಕ್ಕಳಿಬ್ಬರು ಗೋಡೆಗೊರಗಿ ಸುಮ್ಮನೆ ನಿಂತಿದ್ದರು. ಭಕ್ತಿಯಿಲ್ಲದೆ ಅಲ್ಲ, ಅವರ ಕಣ್ಣು ತುಂಬಿತ್ತು. ಅವರು ಕಲಿತ ಪ್ರಾರ್ಥನೆ ಇಂಗ್ಲಿಷಿನದು. ಅಜ್ಜಿಯ ಮಾತಿನಲ್ಲಿ ಅಜ್ಜಿಯನ್ನು ಬೀಳ್ಕೊಡಲು ಅವರಲ್ಲಿ ಮಾತಿರಲಿಲ್ಲ.

ಆ ಮೌನ ನನ್ನನ್ನು ಬಹುದಿನ ಕಾಡಿತು. ಕನ್ನಡ ಪಾಠ ಹೇಳುವವನಿಗೆ ಎಲ್ಲೆಲ್ಲಿಯೂ ಕನ್ನಡದ್ದೇ ಚಿಂತೆಯೆಂದು ಓದುಗರು ನಕ್ಕರೆ ನಗಲಿ. ಇಲ್ಲಿ ನನ್ನ ಚಿಂತೆ ಭಾಷೆಗಿಂತ ಹೆಚ್ಚಾಗಿ ಪ್ರಾರ್ಥನೆಯದು.

ಕ್ರಿಸ್ತನ ಸಂದೇಶ ಕನ್ನಡಕ್ಕೆ ಹೊಸತಲ್ಲ. 17ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶದ ಬರವಣಿಗೆಗೆ ಕೈಹಾಕಿದರು. ಆದರೂ ಬಲಿಪೂಜೆಯ ಭಾಷೆ ಲ್ಯಾಟಿನ್ ಆಗಿಯೇ ಉಳಿಯಿತು. ಗುರುಗಳು ಪೀಠದತ್ತ ಮುಖಮಾಡಿ ಲ್ಯಾಟಿನ್ನಿನಲ್ಲಿ ಪೂಜೆ ಸಲ್ಲಿಸುತ್ತಿದ್ದರೆ, ಹಿಂದಿದ್ದ ಜನ ತಮ್ಮ ಮಾತಿನಲ್ಲಿ ಜಪಸರವನ್ನು ಎಣಿಸುತ್ತಿದ್ದರು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಈ ಅಂತರವನ್ನು ಕಳೆಯಲು ಮುಂದಾಯಿತು. 1963ರ ಡಿಸೆಂಬರ್ 4ರಂದು ಅದು ಹೊರಡಿಸಿದ ಆರಾಧನಾವಿಧಿಯ ಶಾಸನ ಜನರ ನುಡಿಗೆ ಪೂಜೆಯಲ್ಲಿ ಎಡೆಮಾಡಿಕೊಟ್ಟಿತು. 1967ರಲ್ಲಿ ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ, ಬೈಬಲ್, ಧರ್ಮೋಪದೇಶ ಮತ್ತು ಆರಾಧನಾವಿಧಿಗಳಿಗೆ ಸಂಬಂಧಿಸಿದ ರಾಷ್ಟ್ರೀಯ ಕೇಂದ್ರವೊಂದು ನಮ್ಮ ಬೆಂಗಳೂರಿನಲ್ಲಿಯೇ ತಲೆಯೆತ್ತಿತು. 1969ರಲ್ಲಿ ಆರತಿ, ಎಣ್ಣೆಯ ದೀಪ, ಅಂಜಲಿಹಸ್ತ, ನೆಲದ ಮೇಲೆ ಕುಳಿತುಕೊಳ್ಳುವುದು ಮೊದಲಾದ 12 ಅಂಶಗಳ ಭಾರತೀಯ ಕ್ರಮಕ್ಕೆ ರೋಮಿನ ಒಪ್ಪಿಗೆಯೂ ದೊರೆಯಿತು. ಇಷ್ಟೆಲ್ಲ ಬಾಗಿಲು ತೆರೆದ ಮೇಲೆಯೂ ಹೊಸ್ತಿಲಾಚೆಯೇ ನಿಂತವರು ನಾವು.

ಪಶ್ಚಿಮ ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಕನ್ನಡ, ತಮಿಳು, ಕೊಂಕಣಿ, ಮಲಯಾಳಂ ಮನೆಮಾತಿನ ಕುಟುಂಬಗಳು ನೆರೆಹೊರೆಯಾಗಿ ಬಾಳುತ್ತಿವೆ. ಯಾವ ಭಾಷೆಯಲ್ಲಿ ಎಷ್ಟು ಪೂಜೆ ಎಂಬುದು ಈ ನಗರದ ಕ್ರೈಸ್ತರಲ್ಲಿ ಬಹಳ ವರ್ಷಗಳ ವಾದ. ಅದರಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ಆದರೆ ಶಾಲೆ ಇಂಗ್ಲಿಷಿನದು, ಆದ್ದರಿಂದ ಧರ್ಮೋಪದೇಶವೂ ಇಂಗ್ಲಿಷಿನಲ್ಲಿರಲಿ, ಪೂಜೆಯೂ ಇಂಗ್ಲಿಷಿನಲ್ಲಿರಲಿ ಎಂದು ಅನೇಕ ಮನೆಗಳಲ್ಲಿ ತೀರ್ಮಾನಿಸಿದವರು ಗುರುಗಳಲ್ಲ, ತಂದೆತಾಯಿಗಳು. ಈ ತಪ್ಪು ನನ್ನ ಮನೆಯಲ್ಲಿಯೂ ಆಗಿದೆಯೆಂದು ಒಪ್ಪಿಕೊಳ್ಳದೆ ಮುಂದೆ ಬರೆಯುವ ಅಧಿಕಾರ ನನಗಿಲ್ಲ.

ಇದರಿಂದ ಆಗುವ ನಷ್ಟವೇನು? ಕನ್ನಡದಲ್ಲಿ 'ನೀನು' ಎಂಬುದೊಂದು, 'ನೀವು' ಎಂಬುದೊಂದು. ಇಂದಿನ ಇಂಗ್ಲಿಷಿನಲ್ಲಿ ಈ ಭೇದವಿಲ್ಲ. ಕನ್ನಡ ಕಥೋಲಿಕರು ದೇವಾಲಯದಲ್ಲಿ ಒಟ್ಟಾಗಿ ಹೇಳುವ ಪ್ರಭುವಿನ ಪ್ರಾರ್ಥನೆಯಲ್ಲಿ ತಂದೆಯಾದ ದೇವರನ್ನು 'ನೀವು' ಎಂದು ಗೌರವಿಸುತ್ತಾರೆ. ಅದೇ ಸಭೆಯಲ್ಲಿದ್ದ ತಾಯಿ, ನಡುರಾತ್ರಿ ಜ್ವರದ ಮಗುವಿನ ಹಣೆಯ ಮೇಲೆ ಕೈಯಿಟ್ಟು, 'ಸ್ವಾಮೀ, ನೀನೇ ನೋಡಿಕೋ' ಎನ್ನುತ್ತಾಳೆ. ಅಗೌರವದಿಂದ ಬಂದ ಮಾತೇ ಅದು? ಅಲ್ಲ, ಸಲಿಗೆಯಿಂದ ಬಂದದ್ದು. 'ನೀವು' ಎಂದು ಬಾಗಿದವರು 'ನೀನು' ಎಂದು ಕೈಹಿಡಿಯುವಷ್ಟು ಹತ್ತಿರವಾಗುವುದೇ, ನನ್ನ ಮಟ್ಟಿಗೆ, ಆತ್ಮದ ಬೆಳವಣಿಗೆ. ವಚನಕಾರರೂ ಹರಿದಾಸರೂ ಈ ಸಲಿಗೆಯನ್ನು ಬಲ್ಲವರು. ಆದುದರಿಂದಲೇ ಅವರು ಅನುಭಾವಕ್ಕೆ ಆಡುನುಡಿಯನ್ನು ಆರಿಸಿಕೊಂಡರು. ಮನೆಮಾತನ್ನು ಮರೆತ ಮಗುವಿಗೆ ಈ ಹಾದಿಯ ಒಂದು ಮೆಟ್ಟಿಲು ತಪ್ಪಿಹೋಗುತ್ತದೆ.

ದೇವರಿಗೆ ಯಾವ ಭಾಷೆ ಬಾರದು, ಲ್ಯಾಟಿನ್ ಅರಿಯದ ನಮ್ಮ ಹಿರಿಯರು ಭಕ್ತರಾಗಿ ಬಾಳಲಿಲ್ಲವೇ ಎಂದು ಕೇಳಬಹುದು. ಒಪ್ಪತಕ್ಕ ಮಾತೇ. ಆದರೆ ಅವರಿಗೆ ಗುಡಿಯ ಲ್ಯಾಟಿನ್ನಿನ ಜೊತೆಗೆ ಮನೆಯ ಜಪವಿತ್ತು. ಅರ್ಥವಾಗದ ಪೂಜೆಯನ್ನು ಅರ್ಥವಾಗುವ ಪ್ರಾರ್ಥನೆ ತುಂಬಿಕೊಡುತ್ತಿತ್ತು. ನಮ್ಮ ಮಕ್ಕಳಿಗೆ ಆ ಮನೆಯ ಜಪವೇ ಇಲ್ಲವಾಗುತ್ತಿದೆ. ಇನ್ನು ತಮಿಳಿನ ಅಥವಾ ಕೊಂಕಣಿಯ ಮನೆಯ ಮಗುವಿಗೂ ತನ್ನ ತಾಯಿಯ ಮಾತಿನಲ್ಲಿ ಪ್ರಾರ್ಥಿಸುವ ಹಕ್ಕು ಅಷ್ಟೇ ಉಂಟು. ಕನ್ನಡಕ್ಕಾಗಿ ನಾನು ಕೇಳುವುದನ್ನು ಅವರಿಗೆ ಇಲ್ಲವೆನ್ನಲು ಬಾಯಿ ಬಾರದು.

ಮೂವತ್ತನೆಯ ದಿನದ ಪ್ರಾರ್ಥನೆಗೆ ಅದೇ ಮನೆಗೆ ಮತ್ತೆ ಹೋಗಿದ್ದೆ. ಹಿರಿಯ ಮೊಮ್ಮಗಳು ಕನ್ನಡದ ಜಪವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಬಂದು ಕುಳಿತಿದ್ದಳು. ಒತ್ತಕ್ಷರಗಳಲ್ಲಿ ನಾಲಗೆ ಎಡವುತ್ತಿತ್ತು. ಮೊದಲ ಹತ್ತು ಮಣಿ ಕಾಗದ ನೋಡಿ ಹೇಳಿದಳು. ಮೂರನೆಯ ಹತ್ತು ಬರುವ ವೇಳೆಗೆ ಕಾಗದ ಮಡಿಲಲ್ಲಿತ್ತು. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು ಯಾಂತ್ರಿಕವೆಂದು ಜಪವನ್ನು ಹಳಿಯುವವರು ಆ ಹುಡುಗಿಯನ್ನು ನೋಡಬೇಕಾಗಿತ್ತು.

ದೇವಾಲಯದಲ್ಲಿ ಯಾವ ಗಂಟೆಗೆ ಯಾವ ಭಾಷೆಯೆಂಬುದನ್ನು ಹಿರಿಯರು ಕುಳಿತು ಸಮಾಧಾನದಿಂದ ತೀರ್ಮಾನಿಸಲಿ. ಮನೆಯಲ್ಲಿ ದೀಪ ಹಚ್ಚಿ, ಅಜ್ಜಿ ಮೊದಲರ್ಧವನ್ನು ಹೇಳಿ, ಮೊಮ್ಮಗು ಉತ್ತರಾರ್ಧವನ್ನು ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ದಿನಕ್ಕೆ ಹತ್ತು ಮಣಿ ಸಾಕು. ಅಜ್ಜಿ ಇರುವಾಗಲೇ ಆರಂಭಿಸುವುದು ಒಳ್ಳೆಯದು.