ತೂಕದ ಮಾತು

ಒಂದು ವಸ್ತುವಿನ ಬೆಲೆಯನ್ನು ಅದರ ತೂಕದಿಂದ ನಿರ್ಧರಿಸುವುದು ಚಿನ್ನದಂಗಡಿಗೆ ಒಪ್ಪುವ ರೂಢಿ. ಚೆನ್ನೈನಲ್ಲಿ ತಯಾರಾಗುವ ಪುಟ್ಟ ಉಪಗ್ರಹಗಳ ವಿಷಯದಲ್ಲಿ ನಮ್ಮ ಪತ್ರಿಕೆಗಳೂ ವಾಹಿನಿಗಳೂ ಇದೇ ರೂಢಿಯನ್ನು ಹಿಡಿದಿವೆ. ವ್ಯತ್ಯಾಸವಿಷ್ಟೇ: ಅಂಗಡಿಯಲ್ಲಿ ಗ್ರಾಂ ಹೆಚ್ಚಿದಷ್ಟೂ ಬೆಲೆ, ಇಲ್ಲಿ ಗ್ರಾಂ ಕಡಿಮೆಯಾದಷ್ಟೂ ಕೀರ್ತಿ. ಈ ಅಳತೆ ತಪ್ಪು ಎಂಬುದೂ, ಅದರಿಂದ ನಷ್ಟವಾಗುತ್ತಿರುವುದು ಯಾರನ್ನು ಹೊಗಳುತ್ತಿದ್ದೇವೋ ಆ ಮಕ್ಕಳಿಗೇ ಎಂಬುದೂ ನಮ್ಮ ವಾದ.

ಚೆನ್ನೈನ ಸ್ಪೇಸ್ ಕಿಡ್ಜ್ ಇಂಡಿಯಾ ಸಂಸ್ಥೆಯ ಹೆಸರು ದೇಶಕ್ಕೆಲ್ಲ ಪರಿಚಯವಾದದ್ದು 2017ರಲ್ಲಿ. ಶ್ರೀಮತಿ ಕೇಸನ್ ಅವರು ಸ್ಥಾಪಿಸಿದ ಈ ಸಂಸ್ಥೆಯ ತಂಡದಲ್ಲಿದ್ದ ಕರೂರು ಜಿಲ್ಲೆಯ ಪಳ್ಳಪಟ್ಟಿಯ ಹದಿನೆಂಟರ ತರುಣ ರಿಫತ್ ಶಾರೂಕ್ ಮತ್ತು ಆತನ ಗೆಳೆಯರು, ಅಂಗೈಯಲ್ಲಿ ಹಿಡಿಯಬಹುದಾದ, 64 ಗ್ರಾಂ ತೂಕದ ‘ಕಲಾಂಸ್ಯಾಟ್’ ಎಂಬ ಘನಾಕಾರದ ಪೆಟ್ಟಿಗೆಯನ್ನು ಸಿದ್ಧಪಡಿಸಿದರು. ಅದರ ಹೊದಿಕೆಯನ್ನು ಇಂಗಾಲದ ನಾರು ಬೆರೆತ ಪಾಲಿಮರಿನಿಂದ ತ್ರೀಡಿ ಮುದ್ರಣದಲ್ಲಿ ಮಾಡಲಾಗಿತ್ತು. ನಾಸಾದ ಸಹಯೋಗದಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ ಆಯ್ಕೆಯಾಗಿ, ಅದೇ ವರ್ಷದ ಜೂನ್ 22ರಂದು ಅಮೆರಿಕದ ವಾಲಪ್ಸ್ ಕೇಂದ್ರದಿಂದ ಅದು ಮೇಲಕ್ಕೇರಿತು. ‘ಜಗತ್ತಿನ ಅತ್ಯಂತ ಹಗುರ ಉಪಗ್ರಹ’ ಎಂಬ ಶೀರ್ಷಿಕೆ ದೇಶದ ಎಲ್ಲ ಭಾಷೆಗಳಲ್ಲೂ ಮೊಳಗಿತು.

ಆದರೆ ಅದನ್ನು ಹೊತ್ತದ್ದು ಒಂದು ಸೌಂಡಿಂಗ್ ರಾಕೆಟ್. ಅಂಥ ರಾಕೆಟ್ಟು ಬಾಹ್ಯಾಕಾಶದ ಅಂಚನ್ನು ಮುಟ್ಟಿ, ಕೆಲವೇ ನಿಮಿಷಗಳ ತೂಕರಹಿತ ಸ್ಥಿತಿಯನ್ನು ಒದಗಿಸಿ, ಎಸೆದ ಕಲ್ಲಿನಂತೆ ಬಾಗಿ ಕೆಳಗಿಳಿಯುತ್ತದೆ. ಭೂಮಿಯನ್ನು ಸುತ್ತಬೇಕಾದರೆ ಗಂಟೆಗೆ ಸುಮಾರು 27,000 ಕಿಲೋಮೀಟರ್ ವೇಗದಲ್ಲಿ ಅಡ್ಡಲಾಗಿ ಓಡಬೇಕು. ಆ ವೇಗವನ್ನು ಕೊಡುವುದು ಸೌಂಡಿಂಗ್ ರಾಕೆಟ್ಟಿನ ಕೆಲಸವೇ ಅಲ್ಲ. ಕಲಾಂಸ್ಯಾಟ್ ಒಂದು ಸುತ್ತನ್ನೂ ಹಾಕಲಿಲ್ಲ; ಹಾಕಬೇಕೆಂಬ ಉದ್ದೇಶವೂ ಆ ಹಾರಾಟಕ್ಕೆ ಇರಲಿಲ್ಲ. ಗುಡಿಯ ಮುಂದಿನ ಬೀದಿಯಲ್ಲಿ ಹಾದುಹೋದವನು ಪ್ರದಕ್ಷಿಣೆ ಹಾಕಿದನೆಂದು ನಾವು ಹೇಳುವುದಿಲ್ಲ. ಗ್ರಹವನ್ನು ಸುತ್ತುವುದಕ್ಕೆ ಮಾತ್ರ ಕನ್ನಡ ‘ಉಪಗ್ರಹ’ ಎನ್ನುತ್ತದೆ. ಮೇಲೇರಿ ಇಳಿದ ಆ ಪೆಟ್ಟಿಗೆಗೆ ‘ಪ್ರಯೋಗಪೆಟ್ಟಿಗೆ’ ಎಂಬ ಹೆಸರು ಸಾಕಾಗಿತ್ತು. ಆ ಹೆಸರಿನಲ್ಲಿ ಅವಮಾನವೇನೂ ಇಲ್ಲ. ಹದಿನೆಂಟರ ಹುಡುಗನ ಪ್ರಯೋಗಪೆಟ್ಟಿಗೆ ಬಾಹ್ಯಾಕಾಶದ ಅಂಚು ಮುಟ್ಟಿ ಬಂದದ್ದು ಸಣ್ಣ ಸಾಧನೆಯಲ್ಲ. ಅದಕ್ಕೆ ಸುಳ್ಳು ಹೆಸರಿನ ಆಸರೆ ಬೇಕಿರಲಿಲ್ಲ.

ಪದದ ಈ ಸಡಿಲಿಕೆ ಒಂದೇ ಸಲಕ್ಕೆ ನಿಲ್ಲಲಿಲ್ಲ. 2024ರ ಆಗಸ್ಟ್ 24ರಂದು ಚೆನ್ನೈನ ಮತ್ತೊಂದು ಸಂಸ್ಥೆ, ಸ್ಪೇಸ್ ಝೋನ್ ಇಂಡಿಯಾ, ಪೂರ್ವ ಕರಾವಳಿ ರಸ್ತೆಯ ತಿರುವಿಡಂದೈಯಿಂದ ‘ರೂಮಿ-1’ ಎಂಬ ಮರುಬಳಕೆಯ ರಾಕೆಟ್ಟನ್ನು ಹಾರಿಸಿತು. ಅದರಲ್ಲಿ 3 ಘನ ಉಪಗ್ರಹಗಳೂ 50 ಪಿಕೋ ಉಪಗ್ರಹಗಳೂ ಇದ್ದುವೆಂದು ವರದಿಯಾಯಿತು. ಅದೂ ಕಕ್ಷೆ ತಲುಪದ ಹಾರಾಟವೇ. ಐವತ್ತಮೂರು ಪ್ರಯೋಗಪೆಟ್ಟಿಗೆಗಳು ಹಾರಿದವೆಂದು ಬರೆದಿದ್ದರೆ ಓದುಗರಿಗೆ ನಿಜ ತಿಳಿಯುತ್ತಿತ್ತು.

ಪದವನ್ನು ಬದಿಗಿಟ್ಟು ದಾಖಲೆಯನ್ನೇ ನೋಡೋಣ. ಕಲಾಂಸ್ಯಾಟ್ ಹಾರಿದ ಮರುದಿನ, 2017ರ ಜೂನ್ 23ರಂದು, ಚೆನ್ನೈನಿಂದ ನೂರು ಕಿಲೋಮೀಟರ್ ಆಸುಪಾಸಿನ ಶ್ರೀಹರಿಕೋಟೆಯಿಂದ ಪಿಎಸ್‌ಎಲ್‌ವಿ-ಸಿ38 ಏರಿತು. ಅದರಲ್ಲಿದ್ದ ಎರಡು ವಿದೇಶಿ ಪುಟ್ಟ ಉಪಗ್ರಹಗಳ ಜೊತೆಗೆ ‘ಸ್ಪ್ರೈಟ್’ ಎಂಬ ಫಲಕಗಳಿದ್ದವು. ಬಿಸಿಲಿನ ವಿದ್ಯುತ್ತು, ಗಣಕ, ರೇಡಿಯೋ ಎಲ್ಲವನ್ನೂ ಒಳಗೊಂಡ ಪ್ರತಿಯೊಂದರ ತೂಕ 4 ಗ್ರಾಂ. ಅವು ನಿಜವಾಗಿ ಕಕ್ಷೆಗೆ ಹೋದವು. ನಮ್ಮದೇ ನೆಲದಿಂದ ಏರಿದ ಆ ಫಲಕಗಳು ಹಿಂದಿನ ದಿನದ ಶೀರ್ಷಿಕೆಯನ್ನು ತಿದ್ದಿಸಲಿಲ್ಲ.

2019ರ ಜನವರಿ 24ರಂದು ಅದೇ ಸಂಸ್ಥೆಯ ‘ಕಲಾಂಸ್ಯಾಟ್-ವಿ2’ ಪಿಎಸ್‌ಎಲ್‌ವಿ-ಸಿ44ರಲ್ಲಿ ಹೋಯಿತು. ಇದು ನಿಜವಾಗಿ ಕಕ್ಷೆ ಸೇರಿತು. ರಾಕೆಟ್ಟಿನ ನಾಲ್ಕನೆಯ ಹಂತವನ್ನೇ ಪ್ರಯೋಗದ ವೇದಿಕೆಯಾಗಿ ಬಳಸಿದ ಮೊದಲ ಪ್ರಯತ್ನದಲ್ಲಿ ಪಾಲ್ಗೊಂಡಿತು. ಸುದ್ದಿಯಾಗಬೇಕಾದದ್ದು ಈ ಹೊಸತನ. ಸುದ್ದಿಯಾದದ್ದು ಮತ್ತೆ ‘ಅತ್ಯಂತ ಹಗುರ’ ಎಂಬ ವಿಶೇಷಣ, 1.26 ಕಿಲೋಗ್ರಾಂ ತೂಕಕ್ಕೆ! 2010ರ ಜುಲೈ 12ರಂದೇ ಕರ್ನಾಟಕ ಮತ್ತು ಆಂಧ್ರದ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ ‘ಸ್ಟಡ್‌ಸ್ಯಾಟ್’ ಕಕ್ಷೆ ಸೇರಿತ್ತು. ಅದರ ತೂಕ ಒಂದು ಕಿಲೋಗ್ರಾಮಿಗೂ ಕಡಿಮೆ. ಕನ್ನಡನಾಡಿನ ಹೆಗ್ಗಳಿಕೆಯನ್ನು ತಮಿಳುನಾಡಿನ ಎದುರು ನಿಲ್ಲಿಸಲು ಇದನ್ನು ಹೇಳುತ್ತಿಲ್ಲ. ತೂಕದ ಪೈಪೋಟಿಯಲ್ಲಿ ಯಾರನ್ನು ಗೆಲ್ಲಿಸಿದರೂ ಗೆದ್ದಂತಾಗುವುದಿಲ್ಲ. ಒಂಬತ್ತು ವರ್ಷಗಳ ಹಿಂದಿನ ನೆರೆಯೂರಿನ ಸಂಗತಿಯನ್ನೂ ಪರಿಶೀಲಿಸದೆ ‘ಜಗತ್ತಿನ’ ಎಂಬ ಪದವನ್ನು ಎಷ್ಟು ಅಗ್ಗವಾಗಿ ಬಳಸಲಾಗುತ್ತಿದೆ ಎಂಬುದನ್ನು ತೋರಿಸುತ್ತಿದ್ದೇವೆ.

ಅದೇ ಪಿಎಸ್‌ಎಲ್‌ವಿ-ಸಿ44ರ ಮುಖ್ಯ ಪ್ರಯಾಣಿಕ 740 ಕಿಲೋಗ್ರಾಂ ತೂಕದ ‘ಮೈಕ್ರೋಸ್ಯಾಟ್-ಆರ್’. ಎರಡು ತಿಂಗಳ ಬಳಿಕ, ಮಾರ್ಚ್ 27ರಂದು, ಭಾರತದ ಉಪಗ್ರಹ ನಿಗ್ರಹ ಕ್ಷಿಪಣಿಯ ಪರೀಕ್ಷೆಗೆ ಗುರಿಯಾಗಿ ಚೂರಾದದ್ದು ಅದೇ ಉಪಗ್ರಹ. ಉಡಾವಣೆಯ ದಿನ ಹಗುರವಾದದ್ದರ ಸಡಗರದಲ್ಲಿ ಭಾರವಾದದ್ದರ ಕುರಿತು ಯಾರೂ ಹೆಚ್ಚು ಕೇಳಲಿಲ್ಲ. ತೂಕದ ಶೀರ್ಷಿಕೆಗಳು ಓದುಗರ ಗಮನವನ್ನು ಹೀಗೂ ಬೇರೆಡೆಗೆ ಸೆಳೆಯುತ್ತವೆ.

ಹಾಗಾದರೆ ಚಿಕ್ಕದಾಗಿರುವುದರಲ್ಲಿ ಅರ್ಥವೇ ಇಲ್ಲವೇ? ಖಂಡಿತ ಇದೆ. 1999ರಲ್ಲಿ ಅಮೆರಿಕದ ಪ್ರಾಧ್ಯಾಪಕರಾದ ಬಾಬ್ ಟ್ವಿಗ್ಸ್ ಮತ್ತು ಜೋರ್ಡಿ ಪುಯಿಗ್-ಸುವಾರಿ ಹತ್ತು ಸೆಂಟಿಮೀಟರ್ ಘನದ ‘ಕ್ಯೂಬ್‌ಸ್ಯಾಟ್’ ಮಾನದಂಡವನ್ನು ರೂಪಿಸಿದಾಗ ಅವರ ಎದುರಿಗಿದ್ದುದು ಯಾವ ದಾಖಲೆಯೂ ಅಲ್ಲ. ವಿದ್ಯಾರ್ಥಿಗಳು ಓದು ಮುಗಿಸಿ ಹೊರಡುವುದರೊಳಗೆ ಉಪಗ್ರಹವೊಂದನ್ನು ಕಟ್ಟಿ ಹಾರಿಸುವಂತಾಗಬೇಕು ಎಂಬುದು ಅವರ ಆಶಯ. ಎಲ್ಲರ ಪೆಟ್ಟಿಗೆಯೂ ಒಂದೇ ಅಳತೆಯಲ್ಲಿದ್ದರೆ ಯಾವ ರಾಕೆಟ್ಟಿನಲ್ಲಾದರೂ ಮೂಲೆಯ ಜಾಗ ಸಿಕ್ಕೀತು, ಖರ್ಚು ಇಳಿದೀತು.

ಚಿಕ್ಕದಕ್ಕೆ ತೆರಬೇಕಾದ ಬೆಲೆಯೂ ಉಂಟು. ಮೈ ಚಿಕ್ಕದಾದರೆ ಬಿಸಿಲು ಬೀಳುವ ಜಾಗ ಕಡಿಮೆ, ವಿದ್ಯುತ್ತು ಕಡಿಮೆ, ನೆಲಕ್ಕೆ ಕಳುಹಿಸಬಲ್ಲ ಮಾಹಿತಿಯೂ ಕಡಿಮೆ. ಒಂಬತ್ತು ಸೆಂಟಿಮೀಟರ್ ಅಗಲದ ಮಸೂರ 500 ಕಿಲೋಮೀಟರ್ ಎತ್ತರದಿಂದ ಸುಮಾರು ಮೂರೂವರೆ ಮೀಟರಿಗಿಂತ ಸಣ್ಣ ವಿವರವನ್ನು ಬಿಡಿಸಿ ತೋರಿಸಲಾರದು. ಇದು ಬೆಳಕಿನ ಸ್ವಭಾವ, ಯಾವ ಜಾಣ್ಮೆಯೂ ಇದನ್ನು ಮೀರದು. ಆದ್ದರಿಂದ ಚಿಕ್ಕ ಉಪಗ್ರಹ ಕಟ್ಟುವವರ ನಿಜವಾದ ಕೌಶಲ, ಇಷ್ಟು ಕಡಿಮೆಯಲ್ಲಿ ಯಾವ ಒಂದು ಕೆಲಸವನ್ನು ಚೆನ್ನಾಗಿ ಮಾಡಿಸಬಹುದು ಎಂದು ಆಯ್ದುಕೊಳ್ಳುವುದರಲ್ಲಿದೆ. ಚೆನ್ನೈನಲ್ಲೇ ಇದಕ್ಕೆ ಹಳೆಯ ನಿದರ್ಶನವಿದೆ. ಅಣ್ಣಾ ವಿಶ್ವವಿದ್ಯಾಲಯದ 40 ಕಿಲೋಗ್ರಾಂ ತೂಕದ ‘ಅನುಸ್ಯಾಟ್’ 2009ರ ಏಪ್ರಿಲ್ 20ರಂದು ಕಕ್ಷೆ ಸೇರಿತು. ಭಾರತದ ವಿಶ್ವವಿದ್ಯಾಲಯವೊಂದು ಕಟ್ಟಿದ ಮೊದಲ ಉಪಗ್ರಹ ಅದು. ಒಂದು ಊರಿನ ಮೇಲೆ ಹಾಯುವಾಗ ಸಂದೇಶವನ್ನು ಪಡೆದಿಟ್ಟುಕೊಂಡು ಮತ್ತೊಂದು ಊರಿನ ಮೇಲೆ ಅದನ್ನು ಇಳಿಸುವ ತಂತ್ರದ ಪ್ರಯೋಗ ಅದರ ಕೆಲಸವಾಗಿತ್ತು. 2012ರ ಏಪ್ರಿಲ್‌ನಲ್ಲಿ ವಾತಾವರಣಕ್ಕೆ ಮರಳಿತು. ಅದರ ಹೆಸರು ಇಂದು ಎಷ್ಟು ಜನರಿಗೆ ನೆನಪಿದೆ? ದಾಖಲೆಯ ವಿಶೇಷಣ ಇಲ್ಲದ್ದಕ್ಕೆ ನೆನಪೂ ಇಲ್ಲವಾಯಿತು.

ಇನ್ನು ಮಕ್ಕಳಿಗಾದ ನಷ್ಟ. ಸ್ಪೇಸ್ ಕಿಡ್ಜ್ ಸಂಸ್ಥೆಯ ಅತ್ಯಂತ ಘನವಾದ ಕೆಲಸ ಯಾವುದೆಂದು ಕೇಳಿದರೆ ನಾವು ‘ಆಜಾದಿಸ್ಯಾಟ್’ ಎನ್ನುತ್ತೇವೆ. ಸ್ವಾತಂತ್ರ್ಯದ 75ನೆಯ ವರ್ಷಕ್ಕೆಂದು, ದೇಶದ ಸರ್ಕಾರಿ ಶಾಲೆಗಳ 750 ಹೆಣ್ಣುಮಕ್ಕಳು 75 ಪುಟ್ಟ ಉಪಕರಣಗಳನ್ನು ಸಿದ್ಧಪಡಿಸಿದರು. ಎಲ್ಲವನ್ನೂ ಎಂಟು ಕಿಲೋಗ್ರಾಂ ಆಸುಪಾಸಿನ ಒಂದು ಉಪಗ್ರಹದಲ್ಲಿ ಜೋಡಿಸಲಾಯಿತು. 2022ರ ಆಗಸ್ಟ್ 7ರಂದು ಇಸ್ರೋದ ಹೊಸ ಚಿಕ್ಕ ರಾಕೆಟ್ಟು ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟದಲ್ಲಿ ಅದು ಹೊರಟಿತು. ಎರಡನೆಯ ಹಂತ ಬೇರ್ಪಡುವಾಗ ಕ್ಷಣಕಾಲ ಉಂಟಾದ ಕಂಪನದಿಂದ ವೇಗೋತ್ಕರ್ಷ ಅಳೆಯುವ ಸಂವೇದಕಗಳ ಮಾಪನ ಮಿತಿ ಮೀರಿತು. ಸಂವೇದಕಗಳೇ ಕೆಟ್ಟಿವೆಯೆಂದು ತಂತ್ರಾಂಶ ಬಗೆಯಿತು. 356 ಕಿಲೋಮೀಟರ್ ಎತ್ತರದ ವೃತ್ತಾಕಾರದ ಕಕ್ಷೆಯ ಬದಲು, ಒಂದು ತುದಿಯಲ್ಲಿ 76 ಕಿಲೋಮೀಟರಿಗೆ ಇಳಿಯುವ ಕಕ್ಷೆ ದೊರೆಯಿತು. ಅಷ್ಟು ಕೆಳಗೆ ಗಾಳಿಯ ತಡೆಯಲ್ಲಿ ಯಾವುದೂ ಉಳಿಯದು. ಇಸ್ರೋ ಸೋಲನ್ನು ಮರೆಮಾಚಲಿಲ್ಲ. ಕಾರಣವನ್ನು ಹುಡುಕಿ ಪ್ರಕಟಿಸಿತು. ಬೇರ್ಪಡಿಕೆಯ ವ್ಯವಸ್ಥೆಯನ್ನೂ ತಂತ್ರಾಂಶದ ತರ್ಕವನ್ನೂ ತಿದ್ದಿ, 2023ರ ಫೆಬ್ರವರಿ 10ರಂದು ಎರಡನೆಯ ಹಾರಾಟದಲ್ಲಿ ‘ಆಜಾದಿಸ್ಯಾಟ್-2’ನ್ನು 450 ಕಿಲೋಮೀಟರ್ ಕಕ್ಷೆಗೆ ಸೇರಿಸಿತು.

ಈ ಆರು ತಿಂಗಳುಗಳಲ್ಲಿ ಒಂದು ಪೂರ್ತಿ ವಿಜ್ಞಾನಪಾಠವಿತ್ತು: ಸರಿಯಾಗಿದ್ದ ಉಪಕರಣವನ್ನು ಯಂತ್ರ ಏಕೆ ನಂಬಲಿಲ್ಲ, ತಪ್ಪನ್ನು ಹೇಗೆ ಪತ್ತೆಹಚ್ಚಿದರು, ಮತ್ತೆ ಕಟ್ಟುವಾಗ ಏನನ್ನು ಬದಲಿಸಿದರು. ಪತ್ರಿಕೆಗಳು ಈ ಪಾಠವನ್ನು ಮಕ್ಕಳಿಗೂ ಓದುಗರಿಗೂ ತಲುಪಿಸಬಹುದಿತ್ತು. ಆದರೆ ದಾಖಲೆಯ ಭಾಷೆಗೆ ಸೋಲನ್ನು ಹೇಳಲು ಪದಗಳೇ ಇಲ್ಲ. ಎಲ್ಲವನ್ನೂ ‘ಮೊದಲ’, ‘ಹಗುರ’, ‘ಅತಿ ಚಿಕ್ಕ’ ಎಂದೇ ಅಳೆಯುವವರು, ಬಿದ್ದು ಎದ್ದದ್ದನ್ನು ಯಾವ ಅಂಕಣದಲ್ಲಿ ಬರೆಯುತ್ತಾರೆ?

ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚಬಾರದು, ಚೂರು ಉತ್ಪ್ರೇಕ್ಷೆಯಿಂದ ಏನು ಹಾಳಾಯಿತು ಎನ್ನುವವರಿದ್ದಾರೆ. ಹಾಳಾಗುವುದು ಇದು: ಮೇಲೇರುವುದಕ್ಕೂ ಸುತ್ತುವುದಕ್ಕೂ ಇರುವ ಭೇದವೇ ಬಾಹ್ಯಾಕಾಶ ವಿಜ್ಞಾನದ ಮೊದಲ ಪಾಠ. ಆ ಭೇದವನ್ನು ಅಳಿಸಿ ಮಗುವನ್ನು ಹುರಿದುಂಬಿಸಿದರೆ, ಬಹುಮಾನ ಕೊಟ್ಟು ಪುಸ್ತಕ ಕಿತ್ತುಕೊಂಡಂತೆ. ಉಡುಪಿಯ ಅದಮಾರಿನಿಂದ ಬಂದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ರೂಪುಗೊಂಡ ‘ಆರ್ಯಭಟ’ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ಕೆಲವೇ ದಿನಗಳಲ್ಲಿ ವಿದ್ಯುತ್ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು. ಆ ಅನುಭವದ ಮೇಲೆಯೇ 1979ರ ‘ಭಾಸ್ಕರ’ ಎದ್ದು ನಿಂತಿತು. ಸತ್ಯ ಹೇಳಿದ್ದರಿಂದ ಯಾರ ಉತ್ಸಾಹವೂ ಕುಂದಲಿಲ್ಲ.

ಕನ್ನಡದ ಸಾಹಿತ್ಯ ಬಳಗಕ್ಕೆ ಇಲ್ಲೇನು ಕೆಲಸ ಎಂದು ಕೇಳಬಹುದು. ಚೆನ್ನೈ, ಮುಂಬಯಿ, ದೆಹಲಿಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ವಿಜ್ಞಾನವನ್ನು ಕನ್ನಡದಲ್ಲಿ ಶಾಲೆಯಲ್ಲಿ ಓದುವುದು ಅಪರೂಪ. ಮನೆಯಲ್ಲಿ ಹಿರಿಯರ ಬಾಯಿಂದ, ಫೋನಿಗೆ ಬರುವ ಸಂದೇಶಗಳಿಂದ ಕೇಳುತ್ತಾರೆ. ಆ ಸಂದೇಶದಲ್ಲಿ ‘ಉಪಗ್ರಹ’ ಎಂಬ ಪದ ಹಾರಿದ್ದಕ್ಕೂ ಸುತ್ತಿದ್ದಕ್ಕೂ ಒಂದೇ ಆಗಿಬಿಟ್ಟರೆ, ಕನ್ನಡದಲ್ಲಿ ವಿಜ್ಞಾನವನ್ನು ನಿಖರವಾಗಿ ಹೇಳಲಾಗದು ಎಂಬ ಹಳೆಯ ಆಕ್ಷೇಪಕ್ಕೆ ನಾವೇ ಸಾಕ್ಷಿ ಒದಗಿಸಿದಂತೆ.

ಆದ್ದರಿಂದ ಇಂಥ ಸುದ್ದಿ ಬಂದಾಗಲೆಲ್ಲ ನಾಲ್ಕು ಪ್ರಶ್ನೆಗಳನ್ನು ಕೇಳಬೇಕೆಂದು ಓದುಗರನ್ನು ಒತ್ತಾಯಿಸುತ್ತೇವೆ. ಅದು ಭೂಮಿಯನ್ನು ಸುತ್ತಿತೇ? ಎಷ್ಟು ದಿನ ಮಾತಾಡಿತು? ಅದು ಹೇಳಿದ್ದನ್ನು ಯಾರು ಕೇಳಿಸಿಕೊಂಡರು, ಯಾವುದಕ್ಕೆ ಬಳಸಿದರು? ಕಟ್ಟಿದ ಮಕ್ಕಳು ಅದರ ಒಳಗನ್ನು ತಮ್ಮ ಮಾತಿನಲ್ಲಿ ವಿವರಿಸಬಲ್ಲರೇ? ಸಂಸ್ಥೆಗಳೂ ಉಡಾವಣೆಯ ದಿನ ಪತ್ರಿಕಾಗೋಷ್ಠಿ ಕರೆಯುವಂತೆ ನೂರನೆಯ ದಿನವೂ ಒಂದು ವರದಿಯನ್ನು, ಸಾಧ್ಯವಾದರೆ ಆ ಮಕ್ಕಳ ಕೈಯಿಂದಲೇ ಬರೆಯಿಸಿ, ಪ್ರಕಟಿಸಲಿ. ಆ ವರದಿಯಲ್ಲಿ ತೂಕವನ್ನೂ ನಮೂದಿಸಲಿ, ಬೇಡವೆನ್ನುವುದಿಲ್ಲ, ಕೊನೆಯ ಸಾಲಿನಲ್ಲಿ.