ಎಲ್ಲ ಮರಕ್ಕೂ ಒಂದೇ ದಿನ ಮಚ್ಚು ಬೇಡ

ದೀಪಾವಳಿ ಕಳೆದು ರಾಗಿ ಕೊಯ್ಲು ಮುಗೀತು ಅಂದ್ರೆ ನಮ್ಮ ಬಯಲುಸೀಮೆಯಲ್ಲಿ ಮಚ್ಚಿಗೆ ಕೆಲಸ ಶುರು. ಆಳು ಸಿಕ್ಕ ದಿನ ಬದುವಿನ ಮರಗಳನ್ನೆಲ್ಲ ಒಂದೇ ಸಲ ಸವರಿಸಿಬಿಡುತ್ತಾರೆ. ಸೊಪ್ಪು ಆಡಿಗೆ, ಸೌದೆ ಒಲೆಗೆ. ಇನ್ನು ಕೆಲವರು 'ಫಲ ಕೊಡೋ ಮರಕ್ಕೆ ಕತ್ತಿ ಹಾಕಬಾರದು' ಅಂತ ಹತ್ತು ವರ್ಷವಾದರೂ ಮುಟ್ಟೋದಿಲ್ಲ. ನನ್ನ ಪ್ರಕಾರ ಎರಡೂ ಸರಿಯಲ್ಲ. ಮಳೆ ಕೈಕೊಟ್ಟ ವರ್ಷ ಸಂತೆ ಖರ್ಚಿಗೆ ಕಾಸು ಕೊಡೋದು ಈ ಮರಗಳೇ.

ಸವರುವ ಮುಂಚೆ ತಿಳಿಯಬೇಕಾದದ್ದು ಒಂದೇ. ಆ ಮರ ಹೂ ಬಿಡೋದು ಹೊಸ ಚಿಗುರಿನಲ್ಲೋ, ಬಲಿತ ರೆಂಬೆಯಲ್ಲೋ?

ಮಾವು ಹೂ ಬಿಡೋದು ಬಲಿತ ರೆಂಬೆಯ ತುದಿಯಲ್ಲಿ. ಕಾರ್ತಿಕದಲ್ಲಿ ತುದಿ ಕಡಿದರೆ ಆ ವರ್ಷದ ಹೂವನ್ನೇ ಕಡಿದ ಹಾಗೆ. ಆಮೇಲೆ ಬರೋ ಚಿಗುರು ಬಲಿಯೋಕೆ ಸಮಯ ಸಿಗೋದಿಲ್ಲ. ಕಾಯಿ ಇಳಿಸಿದ ಕೂಡಲೇ, ಜೂನ್-ಜುಲೈನಲ್ಲಿ ಸವರಬೇಕು. ಒಣಗಿದ್ದು, ಒಂದರ ಮೇಲೊಂದು ಬಿದ್ದದ್ದು, ನಡುವೆ ನೆರಳು ಮಾಡೋದು ಇಷ್ಟು ತೆಗೆದರೆ ಸಾಕು.

ಬೋರೆಯದು ಇದಕ್ಕೆ ತಿರುಗಾಮುರುಗಾ. ನಮ್ಮ ಕಡೆ ಎಲಚಿ ಅಂತೀವಿ. ಅದು ಕಾಯಿ ಕಟ್ಟೋದು ಆ ವರ್ಷದ ಹೊಸ ಚಿಗುರಿನಲ್ಲೇ. ಸವರದೆ ಬಿಟ್ಟರೆ ಮುಳ್ಳಿನ ಪೊದೆಯಾಗಿ ಗೋಲಿಯಷ್ಟು ಕಾಯಿ ಬಿಡುತ್ತೆ. ಹಣ್ಣು ಮುಗಿದು ಎಲೆ ಉದುರೋ ಬೇಸಿಗೆಯಲ್ಲಿ, ಏಪ್ರಿಲ್ ಹೊತ್ತಿಗೆ, ಕಳೆದ ವರ್ಷದ ರೆಂಬೆಯನ್ನು ಬುಡದಲ್ಲಿ ಗೇಣುದ್ದ ಬಿಟ್ಟು ಧೈರ್ಯವಾಗಿ ಕತ್ತರಿಸಿ. ಉಮ್ರಾನ್ ಥರದ ಕಸಿ ಗಿಡವಾದರೆ ಕಸಿಯ ಕೆಳಗೆ ಬರೋ ಕಾಡು ಚಿಗುರನ್ನು ಆಗಾಗ ಕೀಳುತ್ತಿರಬೇಕು.

ಸೀತಾಫಲ ಇವೆರಡರ ನಡುವಿನದು. ಹೆಚ್ಚಿನ ಹೂ ಹೊಸ ಚಿಗುರಿನಲ್ಲಿ, ಸ್ವಲ್ಪ ಹಳೆ ರೆಂಬೆಯಲ್ಲಿ. ಹಾಗಾಗಿ ಬೋರೆ ಥರ ಬೋಳಿಸಬಾರದು, ಬೋಳಿಸಿದರೆ ಬರೀ ಸೊಪ್ಪು ಬೆಳೆಯುತ್ತೆ. ಎಲೆ ಉದುರಿ ಬೋಳಾಗಿದ್ದಾಗ, ಚಿಗುರೋ ಮುಂಚೆ, ಫೆಬ್ರುವರಿ-ಮಾರ್ಚ್‌ನಲ್ಲಿ ತೆಳುವಾಗಿ ಸವರಿ. ಮರದಲ್ಲೇ ಒಣಗಿ ಕಲ್ಲಾದ ಕಾಯಿಗಳನ್ನು ಕಿತ್ತು ಸುಟ್ಟುಬಿಡಿ, ರೋಗ ಅದರಲ್ಲೇ ಉಳಿಯುತ್ತೆ.

ಬೀಜದಿಂದ ಬೆಳೆಸೋ ಪಿಕೆಎಂ-1 ನುಗ್ಗೆ ಎರಡೂವರೆ ಅಡಿ ಬಂದಾಗ ಕುಡಿ ಚಿವುಟಿದರೆ ಪಕ್ಕದ ರೆಂಬೆ ಒಡೆಯುತ್ತೆ. ಕಾಯಿ ಮುಗಿದ ಮೇಲೆ ನೆಲದಿಂದ ಮೂರಡಿಗೆ ಕಡಿದು ಕೂಳೆ ಬಿಡಬಹುದು. ನಾಲ್ಕೈದು ತಿಂಗಳಿಗೆ ಮತ್ತೆ ಫಸಲು.

ಯಾವ ಮರವಾದರೂ ಮಚ್ಚಿನಿಂದ ಜಜ್ಜಬೇಡಿ. ಸಣ್ಣದಕ್ಕೆ ಕತ್ತರಿ, ದಪ್ಪದಕ್ಕೆ ಗರಗಸ. ನೀರು ನಿಲ್ಲದ ಹಾಗೆ ಓರೆಯಾಗಿ ಕತ್ತರಿಸಿ. ದೊಡ್ಡ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ ಬೇರೆ ಬೇರೆ ಅರ್ಧರ್ಧ ಲೀಟರ್ ನೀರಲ್ಲಿ ಕರಗಿಸಿ ಕೂಡಿಸಿದರೆ ಆಯ್ತು. ಪ್ಲಾಸ್ಟಿಕ್ ಪಾತ್ರೆಯಲ್ಲೇ ಮಾಡಿ.

'ಮೂರು ಸಲ ಆಳು ಕರೆದರೆ ಕೂಲಿ ಯಾರು ಕೊಡ್ತಾರೆ?' ಅಂತ ಕೇಳೋರಿದ್ದಾರೆ. ನಮ್ಮಂಥ ಸಣ್ಣ ರೈತರಿಗೆ ಇರೋದೇ ಹತ್ತಿಪ್ಪತ್ತು ಮರ. ದಿನಾ ಬೆಳಿಗ್ಗೆ ಒಂದೆರಡು ಮರ ನಾವೇ ಸವರಿದರೆ ಆಳೇ ಬೇಕಿಲ್ಲ. ಆಡಿನ ಸೊಪ್ಪಿಗೆ ಬದುವಿನಲ್ಲಿ ಸುಬಾಬುಲ್ ಹಾಕಿಕೊಳ್ಳಿ. ಈ ಕಾರ್ತಿಕದಲ್ಲಿ ಮಚ್ಚು ಹಿಡಿದು ಆಳು ಬಂದರೆ ಮಾವಿನ ಮರವನ್ನಂತೂ ತೋರಿಸಬೇಡಿ.